ಹಂಪಿನಿಂದ ಶುರುವಾಗುವ ಲೆಕ್ಕ: ಜಡ್4 ಕಾರಿಗೆ ಕಾಯಿಲೋವರ್ ಹೊಂದಿಸಿದ ಬಗೆ

ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ ರಸ್ತೆಉಬ್ಬು, ಅಂದರೆ ಹಂಪು, 3.7 ಮೀಟರ್ ಅಗಲವಿರಬೇಕಿತ್ತು, ಅದರ ನೆತ್ತಿ 10 ಸೆಂಟಿಮೀಟರ್ ಎತ್ತರವಿರಬೇಕಿತ್ತು, ಮೈ 17 ಮೀಟರ್ ತ್ರಿಜ್ಯದ ಕಮಾನಾಗಿ ಬಾಗಿರಬೇಕಿತ್ತು. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ವಾಹನಗಳು ಅದನ್ನು ದಾಟಲಿ ಎಂಬುದು ಉದ್ದೇಶವಾಗಿತ್ತು. ನನ್ನ ಬಿಎಂಡಬ್ಲ್ಯು ಜಡ್4 ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಸರಿಸುಮಾರು 2.5 ಮೀಟರ್. ಆ ಮಾನದಂಡದಂತೆ ಕಟ್ಟಿದ ಉಬ್ಬಿನ ಮೇಲೆ ನಾಲ್ಕೂ ಚಕ್ರಗಳು ನಿಂತಾಗ ಕಾರಿನ ಹೊಟ್ಟೆಯ ಕೆಳಗೆ ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಿದರೆ 46 ಮಿ.ಮೀ. ಬರುತ್ತದೆ, 2.5ರ ವರ್ಗವನ್ನು 17ರ ಎಂಟು ಪಟ್ಟಿನಿಂದ ಭಾಗಿಸಿದರೆ ಆಯಿತು. ಅಂದರೆ ನಿಯಮದಂತೆ ಕಟ್ಟಿದ ಹಂಪು ಎಂಥ ತಗ್ಗು ಕಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ನಮ್ಮ ಬಡಾವಣೆಯ ಒಳರಸ್ತೆಯಲ್ಲಿರುವ ಹಂಪಿನ ಅಗಲ 90 ಸೆಂ.ಮೀ., ಎತ್ತರ 11 ಸೆಂ.ಮೀ. ಅದು ಎರಡು ಚಕ್ರಗಳ ನಡುವೆ ಪೂರ್ತಿಯಾಗಿ ಹೊಕ್ಕು ನಿಲ್ಲುವುದರಿಂದ ಅಲ್ಲಿ ಬೇಕಾಗುವ ಜಾಗ ಇಡೀ 110 ಮಿ.ಮೀ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಶನ್ ಹೊಂದಿಸಲು ಹೊರಡುವವರು ಮೊದಲು ಅಳೆಯಬೇಕಾದದ್ದು ತಮ್ಮ ಮನೆಗೆ ಹೋಗುವ ದಾರಿಯ ಹಂಪನ್ನು ಎಂದು ನಾನು ನಂಬಿದ್ದೇನೆ.

ಕಾರು 2009ರಿಂದ 2016ರವರೆಗೆ ತಯಾರಾದ ಇ89 ಪೀಳಿಗೆಯದು. ಮಡಚುವ ಗಟ್ಟಿ ಛಾವಣಿ, ಎರಡೇ ಆಸನ, ಉದ್ದ ಮೂತಿಯೊಳಗೆ ಸಾಲಾಗಿ ನಿಂತ ಆರು ಸಿಲಿಂಡರಿನ ಎಂಜಿನ್, ಓಡಿಸುವ ಶಕ್ತಿ ಹಿಂದಿನ ಚಕ್ರಗಳಿಗೆ. ಹಳೆಯ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಸೋರಲು ತೊಡಗಿದ್ದರಿಂದ ಹೇಗೂ ಬದಲಿಸಬೇಕಾಗಿತ್ತು. ಎತ್ತರವನ್ನೂ, ಹಿಗ್ಗುವ ಮತ್ತು ಕುಗ್ಗುವ ತಡೆಯನ್ನು ಬೇರೆ ಬೇರೆಯಾಗಿಯೂ ಹೊಂದಿಸಬಹುದಾದ ಕಾಯಿಲೋವರ್ ಕಿಟ್ (ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತ ಕೂರುವ ಸ್ಪ್ರಿಂಗಿನ ಜೋಡಿ) ತರಿಸಿಕೊಂಡೆ. ಅಳವಡಿಕೆಯ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಸ್ಪ್ರಿಂಗ್ ಬಿಚ್ಚಿ ಕಟ್ಟುವ ಕೈಚಳಕವಿರುವ ಒಳ್ಳೆಯ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇದ್ದಾರೆ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಚಕ್ರವನ್ನು ಕಾರಿಗೆ ಜೋಡಿಸುವ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜಾಕಿಯ ಮೇಲೆ ನೇತಾಡುತ್ತಿರುವಾಗ ಕೊನೆಯ ಬಿಗಿ ಹಾಕಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದಾಗ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ತಾನೂ ಒಂದು ಸ್ಪ್ರಿಂಗಿನಂತೆ ಕಾರನ್ನು ಎತ್ತಿ ಹಿಡಿಯುತ್ತದೆ, ಆಮೇಲೆ ತೆಗೆದುಕೊಳ್ಳುವ ಪ್ರತಿಯೊಂದು ಅಳತೆಯೂ ಸುಳ್ಳಾಗುತ್ತದೆ, ಕೆಲವು ತಿಂಗಳಲ್ಲಿ ರಬ್ಬರೇ ಹರಿಯುತ್ತದೆ. ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದ ನಂತರವೇ ಟಾರ್ಕ್ ರೆಂಚ್ ಕೈಗೆ ತೆಗೆದುಕೊಳ್ಳಬೇಕು.

ಕಾಯಿಲೋವರ್ ಎಂದ ಮಾತ್ರಕ್ಕೆ ನಾಲ್ಕೂ ಮೂಲೆಗಳಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಇರುತ್ತದೆಂದು ತಿಳಿಯಬಾರದು. ಈ ಕಾರಿನ ಮುಂಭಾಗದಲ್ಲಿ ಹಾಗಿದೆ. ಹಿಂಭಾಗದಲ್ಲಿ ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಸ್ಪ್ರಿಂಗು ಚಕ್ರಕ್ಕಿಂತ ಸಾಕಷ್ಟು ಒಳಗೆ, ತೋಳಿನ ಮೇಲೆ ಕುಳಿತಿದೆ. ಇದು ಎಲ್ಲ ಲೆಕ್ಕವನ್ನೂ ಬದಲಿಸುತ್ತದೆ. ಹಿಂದಿನ ಚಕ್ರವನ್ನು ಜಾಕಿಯಿಂದ 20 ಮಿ.ಮೀ. ಮೇಲೆತ್ತಿ, ಸ್ಪ್ರಿಂಗಿನ ಪೀಠ ಎಷ್ಟು ಮೇಲೇರಿತೆಂದು ಅಳೆದೆ, 13 ಮಿ.ಮೀ. ಅನುಪಾತ 0.65. ಹಿಂಭಾಗದ ಸ್ಪ್ರಿಂಗಿನ ಎತ್ತರ ಹೊಂದಿಸುವ ರಿಂಗನ್ನು 10 ಮಿ.ಮೀ. ಇಳಿಸಿದರೆ ಕಾರಿನ ಹಿಂಭಾಗ 10 ಅಲ್ಲ, ಸುಮಾರು 15 ಮಿ.ಮೀ. ಇಳಿಯುತ್ತದೆ. ಸ್ಪ್ರಿಂಗಿನ ಬಿಗಿಯಾದರೆ ಈ ಅನುಪಾತದ ವರ್ಗದಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ. ನನ್ನ ಕಾರಿನ ಹಿಂಭಾಗದ ಸ್ಪ್ರಿಂಗು ಪ್ರತಿ ಮಿ.ಮೀ.ಗೆ 120 ನ್ಯೂಟನ್ನಿನದು. ಚಕ್ರದಲ್ಲಿ ಅದು ಸುಮಾರು 51 ನ್ಯೂಟನ್. ಮುಂದಿನ ಸ್ಪ್ರಿಂಗು 50 ನ್ಯೂಟನ್ನಿನದಾದರೂ ಅಲ್ಲಿ ಅನುಪಾತ 0.95ರ ಆಸುಪಾಸಿನಲ್ಲಿರುವುದರಿಂದ ಚಕ್ರದಲ್ಲಿ 45 ನ್ಯೂಟನ್ ಉಳಿಯುತ್ತದೆ. ಡಬ್ಬದ ಮೇಲಿನ ಸಂಖ್ಯೆಗಳನ್ನು ಮಾತ್ರ ನೋಡಿದವರಿಗೆ ಹಿಂಭಾಗ ಎರಡು ಪಟ್ಟಿಗಿಂತ ಹೆಚ್ಚು ಬಿಗಿ ಎನಿಸುತ್ತದೆ, ರಸ್ತೆಯ ಮೇಲೆ ಎರಡೂ ಹತ್ತಿರಹತ್ತಿರ ಇವೆ.

ಈ ಎರಡು ಸಂಖ್ಯೆಗಳು ಹೀಗೆ ಹತ್ತಿರವಿರುವುದು ಆಕಸ್ಮಿಕವಲ್ಲ. ಸ್ಪ್ರಿಂಗಿನ ಮೇಲೆ ಕುಳಿತ ಭಾರ ತನ್ನಷ್ಟಕ್ಕೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು ಸ್ಪ್ರಿಂಗಿನ ಬಿಗಿ ಮತ್ತು ಆ ಭಾರ ಎರಡೂ ಸೇರಿ ನಿರ್ಧರಿಸುತ್ತವೆ. ಚಕ್ರ, ಬ್ರೇಕು, ತೋಳುಗಳ ತೂಕವನ್ನು ಮೂಲೆಗೆ 45 ಕೆ.ಜಿ. ಎಂದು ಕಳೆದು ಲೆಕ್ಕ ಹಾಕಿದರೆ ನನ್ನ ಕಾರಿನ ಮುಂಭಾಗ ಸೆಕೆಂಡಿಗೆ 1.83 ಸಲ, ಹಿಂಭಾಗ 1.89 ಸಲ ಎಂದು ಬರುತ್ತದೆ. ಸಾಮಾನ್ಯ ಮನೆಬಳಕೆಯ ಕಾರುಗಳಲ್ಲಿ ಇದು 1ರಿಂದ 1.3ರವರೆಗೆ ಇರುತ್ತದೆ. ಹಿಂಭಾಗ ಒಂದಿಷ್ಟು ಚುರುಕಾಗಿರಬೇಕೆಂಬುದನ್ನು 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಪ್ರಯೋಗಗಳಿಂದ ತೋರಿಸಿಕೊಟ್ಟರು. ಗುಂಡಿಯನ್ನೋ ಉಬ್ಬನ್ನೋ ಮುಂದಿನ ಚಕ್ರ ಮೊದಲು ಮುಟ್ಟುತ್ತದೆ, ಹಿಂದಿನದು ಆಮೇಲೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಮೇಲ್ಸೇತುವೆಯ ಜೋಡಣೆ ಪಟ್ಟಿಗಳನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ದಾಟುವಾಗ ನನ್ನ ಕಾರಿನಲ್ಲಿ ಈ ವ್ಯತ್ಯಾಸ 0.09 ಸೆಕೆಂಡು. ತಡವಾಗಿ ಶುರುವಾದ ಹಿಂಭಾಗದ ಏರಿಳಿತ ಸ್ವಲ್ಪ ಬೇಗಬೇಗನೆ ನಡೆದರೆ ಅದು ಮುಂಭಾಗದ ಜೊತೆ ಕೂಡಿಕೊಂಡು ಇಡೀ ಕಾರು ಸಮತಟ್ಟಾಗಿ ಏರಿ ಇಳಿಯುತ್ತದೆ, ಮೂತಿ ಮತ್ತು ಬಾಲ ಒಂದಾದ ಮೇಲೊಂದು ಕುಣಿಯುವುದಿಲ್ಲ. ಸ್ಪ್ರಿಂಗುಗಳನ್ನು ಬೇರೆ ತಂದು ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡದೆ ಹಣ ಕೊಡಬಾರದು.

ಇನ್ನು ಎತ್ತರ. ಎತ್ತರ ಹೊಂದಿಸುವುದೆಂದರೆ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಷ್ಟು ಜಾಗ ಬಿಡುತ್ತೇವೆ ಎಂದು ತೀರ್ಮಾನಿಸುವುದು, ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳೇ ಇದು. ಚಕ್ರದ ಕಮಾನಿಗೂ ಟೈರಿಗೂ ನಡುವೆ ಎಷ್ಟು ಬೆರಳು ಹೋಗುತ್ತದೆ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಕಾರನ್ನು 40 ಮಿ.ಮೀ. ಇಳಿಸಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಶಾಕ್ ಅಬ್ಸಾರ್ಬರ್ ಕುಗ್ಗಲು ಇದ್ದ ಜಾಗದಲ್ಲಿ 40 ಮಿ.ಮೀ. ಹೋದಂತೆಯೇ. ಆ ಜಾಗ ಮುಗಿದೊಡನೆ ರಬ್ಬರಿನ ಬಂಪ್ ಸ್ಟಾಪ್ ತಾಗುತ್ತದೆ, ಆ ಕ್ಷಣದಲ್ಲಿ ಚಕ್ರದ ಬಿಗಿ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ತಿರುವಿನ ನಡುವೆ ಹೀಗಾದರೆ ಆ ಚಕ್ರ ರಸ್ತೆಯ ಹಿಡಿತ ಬಿಡುತ್ತದೆ. ನಮ್ಮ ರಸ್ತೆಗಳಲ್ಲಿ ತಿರುವಿನ ನಡುವೆಯೇ ಗುಂಡಿ ಇರುವುದು ಅಪರೂಪವಲ್ಲ.

ಆದ್ದರಿಂದ ನಾನು ಕಂಪನಿಯ ಎತ್ತರಕ್ಕಿಂತ 15 ಮಿ.ಮೀ. ಮಾತ್ರ ಇಳಿಸಿದ್ದೇನೆ. ಎರಡು ಅಕ್ಷಗಳ ನಡುವಿನ ನೆಲತಟ್ಟೆಯ ಕೆಳಗೆ ನಾನು ಕುಳಿತಿರುವಾಗ 122 ಮಿ.ಮೀ. ಉಳಿದಿದೆ, ಮೇಲೆ ಹೇಳಿದ ಹಂಪಿಗೆ 12 ಮಿ.ಮೀ. ಹೆಚ್ಚು. ನಿಧಾನವಾಗಿ ದಾಟಲು ಅಷ್ಟು ಸಾಕು. ಮುಂದಿನ ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ಸಣ್ಣದೊಂದು ಕೇಬಲ್ ಟೈಯನ್ನು ಸಡಿಲವಾಗಿ ಸುತ್ತಿ, ಶಾಕ್ ಅಬ್ಸಾರ್ಬರಿನ ಕೊಳವೆಗೆ ತಾಗುವಂತೆ ಕೆಳಗೆ ಸರಿಸಿ ಬಿಟ್ಟೆ. ಚಕ್ರ ಮೇಲೆದ್ದಾಗ ಆ ಟೈ ದಂಡದ ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ನಂಜನಗೂಡು ರಸ್ತೆಯವರೆಗೆ ಹೋಗಿ ಬಂದ ಮೇಲೆ ದೀಪ ಹಿಡಿದು ನೋಡಿದರೆ, ದಂಡದ ಮೇಲಿನ ತೆಳು ಧೂಳಿನಲ್ಲಿ ಟೈ ಎಳೆದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಬಂಪ್ ಸ್ಟಾಪಿಗಿಂತ ಒಂದು ಬೆರಳಿನಷ್ಟು ಕೆಳಗೆ ನಿಂತಿತ್ತು. ಹತ್ತು ರೂಪಾಯಿ ಬೆಲೆ ಬಾಳದ ಈ ಉಪಕರಣ ಹೇಳುವ ಸತ್ಯವನ್ನು ಕಣ್ಣಂದಾಜು ಎಂದಿಗೂ ಹೇಳಲಾರದು.

ಅಳೆಯುವುದು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿಯ ಒತ್ತಡ ಎಲ್ಲವೂ ಅಳತೆಯಲ್ಲಿ ಸೇರಿಕೊಳ್ಳುತ್ತವೆ. ರಿಂಗು ತಿರುಗಿಸಿ ಜಾಕಿ ಇಳಿಸಿದ ತಕ್ಷಣವೂ ಅಳೆಯಬಾರದು, ಏಕೆಂದರೆ ಇಳಿಯುವಾಗ ಟೈರುಗಳು ಪಕ್ಕಕ್ಕೆ ಜಾರಲಾರದೆ ನೆಲವನ್ನು ಕಚ್ಚಿ ಹಿಡಿದು ಕಾರನ್ನು ಎತ್ತರದಲ್ಲೇ ನಿಲ್ಲಿಸಿರುತ್ತವೆ. ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಬೇಕು, ಅಥವಾ ಟೈರಿನ ಕೆಳಗೆ ನಡುವೆ ಗ್ರೀಸ್ ಸವರಿದ ಎರಡು ದಪ್ಪ ಪಾಲಿಥೀನ್ ಹಾಳೆಗಳನ್ನು ಇಡಬೇಕು. ಹೊಸ ಸ್ಪ್ರಿಂಗುಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕೆಲವು ಮಿ.ಮೀ. ತಾವಾಗಿಯೇ ಕುಸಿಯುವುದರಿಂದ, ಅಷ್ಟು ಓಡಿಸಿದ ಮೇಲೆಯೇ ಅಳತೆಯನ್ನು ಅಂತಿಮವೆಂದು ಬರೆದುಕೊಳ್ಳಬೇಕು.

ರಿಂಗನ್ನು ಮೇಲಕ್ಕೆ ತಿರುಗಿಸಿದರೆ ಸ್ಪ್ರಿಂಗು ಅದುಮಿಕೊಂಡು ಕಾರು ಗಟ್ಟಿಯಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಸರಿಯಲ್ಲ. ಮೂಲೆಯ ಭಾರ ಬದಲಾಗದೆ ಇರುವಾಗ ಆ ಭಾರವನ್ನು ಹೊರಲು ಸ್ಪ್ರಿಂಗು ಎಷ್ಟು ಕುಗ್ಗಬೇಕೋ ಅಷ್ಟೇ ಕುಗ್ಗುತ್ತದೆ. ರಿಂಗು ಏರಿದಷ್ಟೂ ಕಾರು ಮೇಲೇರುತ್ತದೆ, ಅಷ್ಟೆ. ಏಕರೂಪದ ಸ್ಪ್ರಿಂಗಿನ ಬಿಗಿ ಎಲ್ಲಿ ಅಳೆದರೂ ಒಂದೇ. ಬದಲಾಗುವುದು ಚಕ್ರ ಕೆಳಗಿಳಿಯಲು ಮತ್ತು ಮೇಲೇರಲು ಉಳಿದ ಜಾಗದ ಹಂಚಿಕೆ. ಕಾರು ನಿಂತಾಗ ನನ್ನ ಮುಂದಿನ ಚಕ್ರದಲ್ಲಿ ಸ್ಪ್ರಿಂಗಿನ ಕುಗ್ಗುವಿಕೆ ಸುಮಾರು 74 ಮಿ.ಮೀ.; ಗುಂಡಿಗೆ ಇಳಿಯುವಾಗ ಚಕ್ರವನ್ನು ಕೆಳಗೆ ತಳ್ಳುವ ಶಕ್ತಿಯೆಲ್ಲ ಆ 74 ಮಿ.ಮೀ. ಒಳಗೇ ಇದೆ.

ಮೂಲೆಮೂಲೆಯ ತೂಕ ನೋಡುವುದು ನನಗೆ ಅತ್ಯಂತ ಪ್ರಿಯವಾದ ಹಂತ. ಅದಕ್ಕೆ ಸಮತಟ್ಟಾದ ನೆಲ ಬೇಕು, ನಮ್ಮ ಕಣ್ಣಿಗೆ ಸಮತಟ್ಟೆಂದು ಕಾಣುವ ಯಾವ ನೆಲವೂ ನಿಜಕ್ಕೂ ಹಾಗಿರುವುದಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಗೆಳೆಯರ ಶೆಡ್ಡಿನಲ್ಲಿ ಕಾರು ನಿಲ್ಲಿಸಿದೆವು. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯವರನ್ನು ಕೇಳಿಕೊಂಡಾಗ ಅವರು ತಮ್ಮ ನೀರಿನ ಮಟ್ಟದ ಪೈಪನ್ನು ತಂದು, "ಗುಳ್ಳೆ ಇರಬಾರದು ಸಾರ್, ಇದ್ರೆ ಮಟ್ಟ ಸುಳ್ಳು ಹೇಳುತ್ತೆ" ಎಂದು ಪೈಪಿನ ಉದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಡಿಸಿದರು. ನಾಲ್ಕು ಚಕ್ರಗಳ ಜಾಗದಲ್ಲಿ ಮಟ್ಟ ಹಿಡಿದಾಗ ಎಡ ಹಿಂದಿನ ಮೂಲೆ 6 ಮಿ.ಮೀ. ತಗ್ಗಿನಲ್ಲಿದೆ ಎಂದು ತಿಳಿಯಿತು. 3 ಮಿ.ಮೀ. ದಪ್ಪದ ಎರಡು ಪ್ಲೈವುಡ್ ತುಂಡುಗಳನ್ನು ಅಲ್ಲಿ ಇಟ್ಟೆವು. ಇದು ಅತಿಯಾಯಿತು ಎನಿಸಬಹುದು. ಆದರೆ ನನ್ನ ಕಾರಿನ ಬಿಗಿಗೆ ಲೆಕ್ಕ ಹಾಕಿದರೆ ಒಂದು ಮೂಲೆಯ 6 ಮಿ.ಮೀ. ವ್ಯತ್ಯಾಸ ಪ್ರತಿ ಚಕ್ರದಲ್ಲಿ 7 ಕೆ.ಜಿ.ಯಷ್ಟು ತಪ್ಪನ್ನು ತೋರಿಸುತ್ತದೆ, ಕರ್ಣದ ಲೆಕ್ಕದಲ್ಲಿ ಅದು ಸುಮಾರು ಶೇ. 1 ಆಗುತ್ತದೆ.

ಕರ್ಣದ ಲೆಕ್ಕವೆಂದರೆ ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳ ಭಾರವನ್ನು ಕೂಡಿಸಿ ಒಟ್ಟು ಭಾರದಲ್ಲಿ ಅದರ ಪಾಲು ಎಷ್ಟೆಂದು ನೋಡುವುದು. ಶೇ. 50 ಇದ್ದರೆ ಕಾರು ಎಡಕ್ಕೂ ಬಲಕ್ಕೂ ಒಂದೇ ಬಗೆಯಾಗಿ ತಿರುಗುತ್ತದೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಎದುರುಬದುರಿನ ಎರಡು ಕಾಲುಗಳೇ ಭಾರ ಹೊರುವಂತೆ ಇಲ್ಲಿಯೂ ಆಗುತ್ತದೆ. ತೂಕ ಮಾಡುವಾಗ ಪೆಟ್ರೋಲ್ ಅರ್ಧ ಟ್ಯಾಂಕ್ ಇರಬೇಕು, ಟೈರಿನ ಗಾಳಿ ತಣ್ಣಗಿರುವಾಗ ಸರಿನೋಡಿರಬೇಕು, ಓಡಿಸುವವರ ಭಾರ ಸೀಟಿನಲ್ಲಿರಬೇಕು. ನಾನೇ ಒಳಗೆ ಕುಳಿತರೆ ರಿಂಗು ತಿರುಗಿಸುವವರು ಬೇರೆ ಬೇಕಾಗುತ್ತದೆ, ಹಾಗಾಗಿ ಬಲಗಡೆ ಸೀಟಿಗೆ 25 ಕೆ.ಜಿ.ಯ ಮೂರು ಅಕ್ಕಿ ಮೂಟೆಗಳನ್ನು ಏರಿಸಿದೆವು. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯಲು ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರಿನ ಒಂದು ಬದಿಯ ಕೊಂಡಿಯನ್ನು ಮುಂದೆ ಹಿಂದೆ ಎರಡು ಕಡೆಯೂ ಕಳಚಿಡಬೇಕು, ಇಲ್ಲದಿದ್ದರೆ ಆ ಬಾರಿನಲ್ಲಿ ಉಳಿದ ತಿರುಚು ತೂಕವನ್ನು ಕೆಡಿಸುತ್ತದೆ.

ಮೊದಲ ತೂಕದಲ್ಲಿ ಎಡ ಮುಂದೆ 354, ಬಲ ಮುಂದೆ 416, ಎಡ ಹಿಂದೆ 420, ಬಲ ಹಿಂದೆ 390 ಕೆ.ಜಿ. ಬಂದಿತು. ಒಟ್ಟು 1580, ಬಲ ಮುಂದಿನ ಕರ್ಣ 836, ಅಂದರೆ ಶೇ. 52.9. ನಾಲ್ಕೂ ಮಡ್‌ಗಾರ್ಡುಗಳ ಎತ್ತರ ಎಡಬಲ ನೋಡಿದರೆ ಹೆಚ್ಚುಕಡಿಮೆ ಸಮನಾಗಿಯೇ ಇತ್ತು ಎಂಬುದನ್ನು ಗಮನಿಸಬೇಕು. ಟೇಪು ಸರಿ ಎಂದ ಕಾರನ್ನು ತಕ್ಕಡಿ ಸರಿಯಿಲ್ಲ ಎಂದಿತು. ಭಾರ ಹೆಚ್ಚಿರುವ ಕರ್ಣದ ಎರಡು ಮೂಲೆಗಳನ್ನು ಇಳಿಸಿ, ಕಡಿಮೆ ಇರುವ ಎರಡನ್ನು ಅಷ್ಟೇ ಏರಿಸಿದರೆ ಕಾರಿನ ಸರಾಸರಿ ಎತ್ತರ ಬದಲಾಗದೆ ಭಾರ ಮಾತ್ರ ಹಂಚಿಕೆಯಾಗುತ್ತದೆ. ಬೇಕಾದದ್ದು ಮೂಲೆಗೆ ಸುಮಾರು 4.5 ಮಿ.ಮೀ. ನನ್ನ ಕಿಟ್‌ನಲ್ಲಿ ರಿಂಗಿನ ಒಂದು ಸುತ್ತಿಗೆ 2 ಮಿ.ಮೀ.; ಮುಂದೆ ಎರಡು ಸುತ್ತಿಗೆ ತುಸು ಹೆಚ್ಚು, ಹಿಂದೆ ಆ 0.65ರ ಅನುಪಾತದ ಕಾರಣ ಒಂದೂವರೆ ಸುತ್ತು. ಆ ಬಳಿಕ ಬಂದ ತೂಕ: ಎಡ ಮುಂದೆ 376, ಬಲ ಮುಂದೆ 394, ಎಡ ಹಿಂದೆ 398, ಬಲ ಹಿಂದೆ 412. ಕರ್ಣ 792, ಶೇ. 50.1. ಮುಂಭಾಗದ ಒಟ್ಟು 770, ಹಿಂಭಾಗದ ಒಟ್ಟು 810 ಎರಡು ಸಲವೂ ಒಂದೇ ಆಗಿದೆ. ಎಷ್ಟು ರಿಂಗು ತಿರುಗಿಸಿದರೂ ಮುಂದಿನ ಭಾರ ಹಿಂದಕ್ಕೆ ಹೋಗುವುದಿಲ್ಲ, ಬಲಗಡೆಯ ಭಾರ ಎಡಕ್ಕೆ ಹೋಗುವುದಿಲ್ಲ. ಅದು ಬೇಕಾದರೆ ಕಾರಿನೊಳಗಿನ ವಸ್ತುವನ್ನೇ ಸರಿಸಬೇಕು.

ರಿಂಗು ತಿರುಗಿಸುವ ಮುನ್ನ ಅದು ಕೂರುವ ಮರೆಯನ್ನು, ಅಂದರೆ ಸ್ಕ್ರೂವಿನಂಥ ಸುರುಳಿ ಗೆರೆಗಳನ್ನು, ಬ್ರಷ್ಷಿನಿಂದ ಉಜ್ಜಿ ಸ್ವಚ್ಛ ಮಾಡಿಕೊಳ್ಳಬೇಕೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಂಡ್ಯದ ಕಡೆಯ ರಸ್ತೆಗಳಲ್ಲಿ ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಗದ್ದೆಯ ಮಣ್ಣನ್ನು ಡಾಂಬರಿನ ಮೇಲೆ ತಂದು ಸುರಿಯುತ್ತವೆ, ಆ ಮಣ್ಣು ಮರೆಯೊಳಗೆ ಒಣಗಿ ಕಲ್ಲಾಗುತ್ತದೆ. ಒತ್ತಾಯದಿಂದ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ, ಆಮೇಲೆ ಆ ಭಾಗವನ್ನೇ ಹೊಸದಾಗಿ ತರಬೇಕು.

ವೀಲ್ ಅಲೈನ್‌ಮೆಂಟ್ ಇವೆಲ್ಲ ಮುಗಿದ ಮೇಲೆಯೇ ಬರಬೇಕು, ಏಕೆಂದರೆ ಎತ್ತರ ಬದಲಾದಾಗಲೆಲ್ಲ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗುತ್ತವೆ. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೇಲ್ತುದಿ ಒಳಕ್ಕೆ ವಾಲಿದ್ದರೆ ಅದು ಋಣ; ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ನಾನು ಹೋದ ಅಂಗಡಿಯಲ್ಲಿ ಯಂತ್ರ ಹೊಸದಾಗಿತ್ತು, ಹುಡುಗ ಚುರುಕಾಗಿದ್ದ. ಪರದೆಯ ಮೇಲಿನ ಸಂಖ್ಯೆಗಳೆಲ್ಲ ಹಸಿರಾದ ಕೂಡಲೇ, "ಎಲ್ಲಾ ಗ್ರೀನ್ ಬಂತು ಸಾರ್, ಸಾಕಲ್ವಾ?" ಎಂದು ಕೇಳಿದ. ಆ ಹಸಿರು ಕಂಪನಿಯ ಎತ್ತರದಲ್ಲಿ, ಕಂಪನಿಯ ಸ್ಪ್ರಿಂಗಿನ ಮೇಲೆ ನಿಂತ ಕಾರಿಗಾಗಿ ಬರೆದ ವ್ಯಾಪ್ತಿ. ಅದರೊಳಗೆ ಎಡ ಚಕ್ರ ಒಂದು ತುದಿಯಲ್ಲಿ, ಬಲ ಚಕ್ರ ಇನ್ನೊಂದು ತುದಿಯಲ್ಲಿ ಇದ್ದರೂ ಯಂತ್ರ ಹಸಿರನ್ನೇ ತೋರಿಸುತ್ತದೆ. ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನು ಕೊಟ್ಟು, ಈ ಸಂಖ್ಯೆಗಳು ಬೇಕು, ಎಡಬಲ ವ್ಯತ್ಯಾಸ 0.1 ಡಿಗ್ರಿ ಮೀರಬಾರದು ಎಂದು ಕೇಳಿಕೊಂಡೆ. ಆತ ಅಕ್ಕಿ ಮೂಟೆಗಳನ್ನು ನೋಡಿ ನಕ್ಕರೂ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ, ಹಿಂದಿನ ಬೋಲ್ಟು ಬಿಗಿಮಾಡುವಾಗ ಅಳತೆ ಸರಿದದ್ದನ್ನು ತಾನೇ ಕಂಡು ಮತ್ತೆ ಸಡಿಲಿಸಿ ಹೊಂದಿಸಿದ.

ಹಿಂದಿನ ಚಕ್ರಗಳ ಕ್ಯಾಂಬರ್ ಋಣ 1.8 ಡಿಗ್ರಿ, ಟೋ ಚಕ್ರಕ್ಕೆ 0.1 ಡಿಗ್ರಿ ಒಳಮುಖ. ಹಿಂದಿನ ಚಕ್ರಗಳು ಓಡಿಸುವ ಕಾರಿನಲ್ಲಿ ಹಿಂದೆ ಸ್ವಲ್ಪ ಒಳಮುಖ ಟೋ ಇರಲೇಬೇಕು, ತಿರುವಿನಿಂದ ಹೊರಬರುವಾಗ ಪೆಟ್ರೋಲ್ ಕೊಟ್ಟರೆ ಬಾಲ ನೆಟ್ಟಗಿರುವುದು ಅದರಿಂದಲೇ. ಮುಂದಿನ ಟೋ ಸೊನ್ನೆ. ಮುಂದಿನ ಕ್ಯಾಂಬರ್ ಋಣ 1.3 ಡಿಗ್ರಿ; ಈ ಕಾರಿನಲ್ಲಿ ಅದನ್ನು ಹೊಂದಿಸಲು ಹೆಚ್ಚಿನ ಅವಕಾಶವಿಲ್ಲ, ತಗ್ಗಿಸಿದ್ದರಿಂದ ಸಿಕ್ಕಿದ್ದೇ ಅಷ್ಟು. ಕ್ಯಾಂಬರಿನಿಂದ ಟೈರು ಒಳಗಡೆ ಸವೆದುಹೋಗುತ್ತದೆ ಎಂದು ಹೆದರುವವರು ಟೋ ಕಡೆ ನೋಡುವುದು ಒಳ್ಳೆಯದು. ಇಷ್ಟು ಕ್ಯಾಂಬರ್ ಇದ್ದ ಟೈರು ನಿಧಾನವಾಗಿ ಸವೆಯುತ್ತದೆ. ಟೋ ತಪ್ಪಿದ ಟೈರಾದರೋ ಪ್ರತಿ ಮೀಟರಿಗೂ ರಸ್ತೆಯ ಮೇಲೆ ಅಡ್ಡಡ್ಡ ಉಜ್ಜುತ್ತಲೇ ಹೋಗುತ್ತದೆ.

ಕೊನೆಯದಾಗಿ ಡ್ಯಾಂಪರಿನ, ಅಂದರೆ ಶಾಕ್ ಅಬ್ಸಾರ್ಬರಿನ, ತಡೆಯನ್ನು ಹೊಂದಿಸುವ ಕ್ಲಿಕ್‌ಗಳು. ರೀಬೌಂಡ್ ಎಂದರೆ ಕುಗ್ಗಿದ ಸ್ಪ್ರಿಂಗು ಹಿಗ್ಗುವಾಗ ಶಾಕ್ ಅಬ್ಸಾರ್ಬರ್ ಒಡ್ಡುವ ತಡೆ, ಕಂಪ್ರೆಶನ್ ಎಂದರೆ ಕುಗ್ಗುವಾಗಿನ ತಡೆ. ಎಣಿಕೆಯನ್ನು ಯಾವಾಗಲೂ ಪೂರ್ತಿ ಬಿಗಿಯಿಂದ ಹೊರಕ್ಕೆ ಮಾಡಬೇಕು, ಏಕೆಂದರೆ ಆ ತುದಿ ಖಚಿತವಾಗಿ ನಿಲ್ಲುತ್ತದೆ. ಬಿಗಿ ಬಂದ ಮೇಲೆ ಒತ್ತಬಾರದು, ಒಳಗಿನ ಸೂಜಿ ಕೆಡುತ್ತದೆ. ಪ್ರಯೋಗಕ್ಕೆ ಯಾವಾಗಲೂ ಒಂದೇ ದಾರಿ ಇರಬೇಕು. ನನ್ನದು ಬೋಗಾದಿ ಕಡೆಯಿಂದ ಹೊರವರ್ತುಲ ರಸ್ತೆ ಹಿಡಿದು ನಂಜನಗೂಡು ರಸ್ತೆಯವರೆಗೆ, ವಾಪಸು ಅದೇ ದಾರಿ. ಅದರಲ್ಲಿ ಒಳ್ಳೆಯ ಡಾಂಬರು, ತೇಪೆ ಹಾಕಿದ ಡಾಂಬರು, ಕೂಡುರಸ್ತೆಗಳ ಮುಂದಿನ ಗರಗರ ಪಟ್ಟಿಗಳು ಎಲ್ಲವೂ ಇವೆ. ತಿರುವುಗಳು ಹೇರಳವಾಗಿವೆಯೆಂದು ಚಾಮುಂಡಿ ಬೆಟ್ಟದ ದಾರಿಯನ್ನು ಕೆಲವರು ಆರಿಸಿಕೊಳ್ಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಅದು ಭಕ್ತರು ನಡೆಯುವ, ಮಕ್ಕಳು ಮುದುಕರು ಬಸ್ಸಿಗೆ ಕಾಯುವ ರಸ್ತೆ, ಆಷಾಢ ಶುಕ್ರವಾರಗಳಂದು ಕಾಲಿಡಲು ಜಾಗವಿರುವುದಿಲ್ಲ. ಕಾರಿನ ಮಿತಿ ನೋಡಬೇಕೆನ್ನುವವರಿಗೆ ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್ ಆದ ಕರಿ ಮೋಟಾರ್ ಸ್ಪೀಡ್‌ವೇ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ. ಎಲ್ಲವನ್ನೂ ಸಡಿಲದಲ್ಲಿಟ್ಟು, ರೀಬೌಂಡನ್ನು ಎರಡೆರಡು ಕ್ಲಿಕ್ ಏರಿಸುತ್ತಾ ಹೋದೆ. ಸಡಿಲವಿದ್ದಾಗ ಉದ್ದನೆಯ ಅಲೆಯಂಥ ರಸ್ತೆಯಲ್ಲಿ ಕಾರು ಏರಿದ ಮೇಲೆ ಇನ್ನೊಮ್ಮೆ ತೇಲುತ್ತಿತ್ತು; ಏರಿಸುತ್ತಾ ಹೋದಂತೆ ಒಂದೇ ಏರಿಳಿತದಲ್ಲಿ ಸುಮ್ಮನಾಯಿತು. ಅಲ್ಲಿಂದಲೂ ಮುಂದೆ ಏರಿಸಿದಾಗ ಆದದ್ದು ಕುತೂಹಲಕರ. ಆ ಗರಗರ ಪಟ್ಟಿಗಳು ಅರ್ಧ ಮೀಟರಿಗೊಂದರಂತೆ ಇದ್ದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ ಸುಮಾರು 22 ಪೆಟ್ಟು ಬೀಳುತ್ತವೆ. ಒಂದು ಪೆಟ್ಟಿಗೆ ಕುಗ್ಗಿದ ಸ್ಪ್ರಿಂಗನ್ನು ಬಿಗಿಯಾದ ರೀಬೌಂಡ್ ಹಿಗ್ಗಲು ಬಿಡುವುದರೊಳಗೆ ಮುಂದಿನ ಪೆಟ್ಟು ಬರುತ್ತದೆ, ಚಕ್ರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೇಲೆಯೇ ಉಳಿಯುತ್ತದೆ, ಕಾರು ಹಂತಹಂತವಾಗಿ ಕುಸಿಯುತ್ತದೆ. ಪಟ್ಟಿಗಳ ಸಾಲಿನ ಮೊದಲರ್ಧ ಮೆತ್ತಗೆ, ಕೊನೆಯ ಭಾಗ ಕಲ್ಲಿನಂತೆ ಗಟ್ಟಿ ಎನಿಸಿದರೆ ಕಾರಣ ಇದೇ. ಹೆಚ್ಚಿನವರು ಆ ಗಡುಸನ್ನು ಸ್ಪ್ರಿಂಗಿನ ತಪ್ಪೆಂದೋ ಕಂಪ್ರೆಶನ್ನಿನ ತಪ್ಪೆಂದೋ ತಿಳಿದು ಬೇಡದ ಕಡೆ ಕೈಹಾಕುತ್ತಾರೆ. ಪೂರ್ತಿ ಬಿಗಿಯಿಂದ ಮುಂದೆ 9 ಕ್ಲಿಕ್, ಹಿಂದೆ 8 ಕ್ಲಿಕ್ ಹೊರಗೆ ನನಗೆ ಸರಿಬಂದಿದೆ.

ಕಂಪ್ರೆಶನ್ ವಿಷಯದಲ್ಲಿ ನಮ್ಮ ರಸ್ತೆಗಳು ಸಡಿಲವನ್ನೇ ಬೇಡುತ್ತವೆ. ಶಾಕ್ ಅಬ್ಸಾರ್ಬರಿನ ವೇಗವೆಂದರೆ ಅದರ ದಂಡ ಚಲಿಸುವ ವೇಗ, ಕಾರಿನ ವೇಗವಲ್ಲ. ನುಣುಪಾದ ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಹೋಗುವಾಗ ದಂಡ ನಿಧಾನವಾಗಿ ಆಡುತ್ತದೆ, ಒಳರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಅಂಚು ಚೂಪಾದ ಗುಂಡಿಗೆ ಬಿದ್ದಾಗ ಅತಿವೇಗವಾಗಿ ನುಗ್ಗುತ್ತದೆ. ಕಂಪ್ರೆಶನ್ ಬಿಗಿಯಿದ್ದರೆ ಆ ಪೆಟ್ಟು ನೇರವಾಗಿ ಬಾಡಿಗೆ ತಲುಪುತ್ತದೆ. ಬ್ರೇಕು ಹಾಕಿದಾಗ ಮೂತಿ ಅತಿಯಾಗಿ ಮುಗ್ಗರಿಸದಷ್ಟು ಮಾತ್ರ ಬಿಗಿಯಿಟ್ಟು, ಮಿಕ್ಕಿದ್ದನ್ನು ಸಡಿಲ ಬಿಟ್ಟಿದ್ದೇನೆ.

ತಗ್ಗಿಸಿದ ಕಾರಿನ ಹೆಡ್‌ಲೈಟುಗಳನ್ನು ಮತ್ತೆ ಹೊಂದಿಸಲೇಬೇಕು. ದೀಪದ ಏರಿಳಿತವನ್ನು ತಾನಾಗಿಯೇ ಸರಿಪಡಿಸುವ ಕಾರುಗಳಲ್ಲಿ ಸಸ್ಪೆನ್ಶನ್ನಿನ ತೋಳಿಗೆ ಕಟ್ಟಿದ ಸಣ್ಣ ಸೆನ್ಸರೊಂದು ಕಾರಿನ ಎತ್ತರವನ್ನು ಓದುತ್ತದೆ. ಹೊಸ ಎತ್ತರವನ್ನು ಅದಕ್ಕೆ ತಿಳಿಸದೆ ಬಿಟ್ಟರೆ ದೀಪದ ಬೆಳಕು ತಪ್ಪಾದ ಎತ್ತರದಲ್ಲಿ ಬೀಳುತ್ತದೆ, ರಾತ್ರಿ ಎದುರು ಬರುವವರ ಕಣ್ಣಿಗೆ ಹೊಡೆಯಲೂಬಹುದು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ನಾನು ಕಿಟ್‌ನ ಕಾಗದಪತ್ರಗಳನ್ನು ವಿಮಾ ಕಂಪನಿಗೆ ಮೊದಲೇ ಕಳುಹಿಸಿ ಉತ್ತರವನ್ನು ಲಿಖಿತವಾಗಿ ಪಡೆದುಕೊಂಡೆ, ಬೇರೆಯವರೂ ಹಾಗೆ ಮಾಡಲಿ ಎಂದು ಬಯಸುತ್ತೇನೆ.

ಮುಂದಿನ ಕ್ಯಾಂಬರನ್ನು ಇನ್ನು ಅರ್ಧ ಡಿಗ್ರಿ ಹೆಚ್ಚಿಸಿದರೆ ಮೂತಿ ತಿರುವಿಗೆ ಇನ್ನೂ ಚುರುಕಾಗಿ ಹೊರಳುತ್ತದೆ, ಅದಕ್ಕೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಹಾಕುವ ಕ್ಯಾಂಬರ್ ಪ್ಲೇಟುಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ರಬ್ಬರಿನ ಬದಲು ಲೋಹದ ಬೇರಿಂಗಿನ ಮೇಲೆ ಕೂರುವುದರಿಂದ ಪ್ರತಿ ಗುಂಡಿಯ ಸದ್ದೂ ಒಳಗೆ ಕೇಳುತ್ತದೆ, ಧೂಳಿಗೆ ಬೇರಿಂಗು ಬೇಗ ಸವೆಯುತ್ತದೆ. ದಿನವೂ ಓಡಿಸುವ ಕಾರಿಗೆ ಅದು ಬೇಡವೆಂದು ಸದ್ಯಕ್ಕೆ ನಿರ್ಧರಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಲಾಕ್ ರಿಂಗುಗಳಿಗೆ ಎಳೆದಿರುವ ಬಣ್ಣದ ಗುರುತು ಸರಿದಿದೆಯೇ ಎಂದು ನೋಡಿ, ಮರೆಗಳನ್ನು ತೊಳೆದು, ಅಲೈನ್‌ಮೆಂಟನ್ನು ಇದೇ ಚೀಟಿ ಹಿಡಿದು ಇನ್ನೊಮ್ಮೆ ಪರೀಕ್ಷಿಸಬೇಕು.